ಹದಿನೆಂಟು ಚಾವಡಿಗಳ ಬೀದಿಯಲ್ಲಿ

ಬೆಂಗಳೂರಿನ ಡಾ. ಅಂಬೇಡ್ಕರ್ ವೀಧಿಯಲ್ಲಿ ಎರಡು ದೊಡ್ಡ ಕಟ್ಟಡಗಳು ಎದುರುಬದುರಾಗಿ ನಿಂತಿವೆ. ಒಂದು ಕೆಂಪು, ಇನ್ನೊಂದು ಬೂದುಬಣ್ಣದ ಕಲ್ಲಿನದು. ಕಲ್ಲಿನದು ಯಾವುದೆಂದು ಒಂದನೇ ತರಗತಿಯ ಮಗುವೂ ಹೇಳುತ್ತದೆ, ವಿಧಾನಸೌಧ. ಕೆಂಪು ಕಟ್ಟಡವನ್ನು ಈಗ ಎಲ್ಲರೂ ಹೈಕೋರ್ಟ್ ಎನ್ನುತ್ತಾರೆ. ನನ್ನ ವಯಸ್ಸಿನವರ ಬಾಯಲ್ಲಿ ಮಾತ್ರ ಅದು ಇನ್ನೂ ಅಠಾರ ಕಚೇರಿ. ಸಿಗ್ನಲ್ ಬಿಟ್ಟರೆ ಈ ರಸ್ತೆ ದಾಟಲು ಎರಡು ನಿಮಿಷ ಸಾಕು. ಆದರೆ ಕಚೇರಿ ಎಂಬುದು ನಮ್ಮ ನಾಡಿನಲ್ಲಿ ಯಾವ ಯಾವ ಹೆಸರು ಹೊತ್ತು ಬಂತು ಎಂದು ನೋಡುತ್ತ ನಡೆದರೆ ಅರ್ಧ ದಿನ ಬೇಕು. ಹೋದ ದಸರಾ ರಜೆಯಲ್ಲಿ ನಾನೂ ಎಂಟನೇ ತರಗತಿ ಓದುವ ನನ್ನ ಮೊಮ್ಮಗಳೂ ಆ ಅರ್ಧ ದಿನವನ್ನು ಅಲ್ಲಿ ಕಳೆದೆವು.

ಕಾರಣ ಇಷ್ಟೆ. ಅವಳ ಇಂಗ್ಲಿಷ್ ಮೇಡಂ ರಜೆಯ ಕೆಲಸವಾಗಿ ಆಫೀಸಿಗೆ ಸಂಬಂಧಿಸಿದ ಇಪ್ಪತ್ತೈದು ಇಂಗ್ಲಿಷ್ ಪದಗಳನ್ನು ಅರ್ಥಸಹಿತ ಬರೆದು ತರಲು ಹೇಳಿದ್ದರು. ಮೊಮ್ಮಗಳು ಮೊಬೈಲು ನೋಡಿ ಹತ್ತೇ ನಿಮಿಷದಲ್ಲಿ ಬರೆದು ಮುಗಿಸಿದಳು. ನಾನು ಕನ್ನಡಕ ಹಾಕಿಕೊಂಡು ಓದಿದೆ. ಚೇಂಬರ್ ಎಂದರೆ ಕೊಠಡಿ. ಕ್ಯಾಬಿನ್ ಎಂದರೆ ಕೊಠಡಿ. ಕ್ಯೂಬಿಕಲ್ ಎಂದರೆ ಸಣ್ಣ ಕೊಠಡಿ. ಹಾಲ್ ಎಂದರೆ ದೊಡ್ಡ ಕೊಠಡಿ. "ಪುಟ್ಟೀ, ಇದನ್ನು ತೋರಿಸಿದರೆ ನಿಮ್ಮ ಮೇಡಂ ನಿನ್ನನ್ನು ಕೊಠಡಿಯಿಂದ ಆಚೆ ಕಳಿಸುತ್ತಾರೆ" ಎಂದೆ. ಅವಳಿಗೆ ಸಿಟ್ಟು ಬಂತು. "ಹಾಗಾದ್ರೆ ನೀನೇ ಹೇಳ್ಕೊಡು ತಾತ, ಮೂವತ್ತೈದು ವರ್ಷ ಆಫೀಸಲ್ಲೇ ಇದ್ಯಲ್ಲ" ಎಂದಳು. ಮನೆಯಲ್ಲಿ ಕೂತು ಹೇಳುವುದಕ್ಕಿಂತ ತೋರಿಸುವುದು ಮೇಲೆನಿಸಿತು. ಕಚೇರಿಗಳು ತೆರೆದಿರುವ ದಿನವೇ ನೋಡಿ ಮೆಟ್ರೊ ಹತ್ತಿದೆವು.

ನೇರಳೆ ಮಾರ್ಗದಲ್ಲಿ ಹೋಗಿ ವಿಧಾನಸೌಧದ ನಿಲ್ದಾಣದಲ್ಲಿ ಇಳಿದರೆ ಮೆಟ್ಟಿಲು ಹತ್ತಿ ಮೇಲೆ ಬರುತ್ತಿದ್ದಂತೆ ಎರಡು ಕಟ್ಟಡಗಳೂ ಕಾಣುತ್ತವೆ. ನಾವು ಮೊದಲು ಕೆಂಪು ಕಟ್ಟಡದ ಕಡೆ ನಡೆದೆವು. "ಅಠಾರ ಅಂದ್ರೆ? ಅತ್ತರು ಮಾರ್ತಿದ್ರಾ ತಾತ ಇಲ್ಲಿ?" ಎಂದು ಕೇಳಿದಳು ಮೊಮ್ಮಗಳು. ಅತ್ತರಲ್ಲ ಮಗು, ಹಿಂದೂಸ್ತಾನಿಯಲ್ಲಿ ಅಠಾರ ಎಂದರೆ ಹದಿನೆಂಟು. ಹದಿನೆಂಟು ಇಲಾಖೆಗಳ ಕಚೇರಿ ಇದು. ಮೈಸೂರು ಸೀಮೆಯನ್ನು ಬ್ರಿಟಿಷ್ ಕಮಿಷನರರು ಆಳುತ್ತಿದ್ದ ಕಾಲದಲ್ಲಿ, 1864ರಲ್ಲಿ ಕೆಲಸ ಶುರುವಾಗಿ 1868ರ ಹೊತ್ತಿಗೆ ಕಟ್ಟಡ ಮುಗಿಯಿತು. ಆಗ ಕಮಿಷನರ್ ಆಗಿದ್ದವರು ಬೌರಿಂಗ್. ಕಟ್ಟಡದ ಹೊಣೆ ಹೊತ್ತವರು ಮುಖ್ಯ ಎಂಜಿನಿಯರ್ ಸ್ಯಾಂಕಿ. ಸ್ಯಾಂಕಿ ಕೆರೆಗೆ ಹೆಸರು ಕೊಟ್ಟವರೂ ಅವರೇ, ಇದರ ಬೆನ್ನಿಗಿರುವ ಕಬ್ಬನ್ ಪಾರ್ಕನ್ನು 1870ರಲ್ಲಿ ಮಾಡಿಸಿದವರೂ ಅವರೇ.

ಅದಕ್ಕೆ ಮುಂಚೆ ಕಚೇರಿ ಎಲ್ಲಿತ್ತು ಗೊತ್ತೇ? ಕೃಷ್ಣರಾಜ ಮಾರುಕಟ್ಟೆಯ ಹತ್ತಿರ ಟಿಪ್ಪು ಸುಲ್ತಾನನ ಬೇಸಿಗೆ ಅರಮನೆ ಇದೆಯಲ್ಲ, ಮರದ ಕಂಬಗಳದ್ದು, ಅಲ್ಲಿ. 1831ರಿಂದ 1868ರವರೆಗೆ ಆ ಅರಮನೆಯಲ್ಲೇ ಗುಮಾಸ್ತರು ಕೂತು ಲೆಕ್ಕ ಬರೆದರು. ಆ ಚಿತ್ರ ಬಿಡಿಸಿದ ತೇಗದ ಕಂಬಗಳ ನಡುವೆ ಕಡತದ ಗಂಟುಗಳನ್ನು ಊಹಿಸಿಕೊಂಡರೆ ನನಗೆ ನಗು ಬರುತ್ತದೆ, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ. ನಮಗೆ ಸಿಕ್ಕಿದ್ದು ತಗಡಿನ ಬೀರು, ಟ್ಯೂಬ್‌ಲೈಟು.

ಹದಿನೆಂಟು ಎಂಬ ಎಣಿಕೆ ಮಾತ್ರ ಬ್ರಿಟಿಷರದ್ದಲ್ಲ. ಅದು ಇನ್ನೂ ಹಳೆಯದು. ಮೈಸೂರಿನ ದೊರೆ ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದರು. 1700ರ ಸುಮಾರಿಗೆ ಔರಂಗಜೇಬನ ಆಸ್ಥಾನಕ್ಕೆ ಹೋಗಿದ್ದ ಅವರ ರಾಯಭಾರಿಗಳು ಮರಳಿ ಬಂದ ಮೇಲೆ, ಅಲ್ಲಿನ ಮಾದರಿ ನೋಡಿ ಆಡಳಿತವನ್ನು ಹದಿನೆಂಟು ಭಾಗ ಮಾಡಿದರೆಂದು ಮೈಸೂರಿನ ಇತಿಹಾಸ ಬರೆದವರು ಹೇಳುತ್ತಾರೆ. ಮಾದರಿ ಹೊರಗಿನದು, ಹೆಸರುಗಳು ಮಾತ್ರ ನಮ್ಮವೇ. ಒಂದೊಂದು ಭಾಗಕ್ಕೂ ಚಾವಡಿ ಎಂದು ಹೆಸರು. ಕೆಲವನ್ನು ಹೇಳುತ್ತೇನೆ, ಬಾಯಿಬಿಟ್ಟು ಓದಿ ನೋಡಿ: ಸುಂಕದ ಚಾವಡಿ, ದೇವಸ್ಥಾನದ ಚಾವಡಿ, ಕಬ್ಬಿಣದ ಚಾವಡಿ, ಹೊಗೆಸೊಪ್ಪಿನ ಚಾವಡಿ, ಬೆಣ್ಣೆ ಚಾವಡಿ, ಬೇಹಿನ ಚಾವಡಿ.

ಮೊಮ್ಮಗಳು ಪಾರ್ಕಿನ ಬೆಂಚಿನ ಮೇಲೆ ಕೂತು ಇವನ್ನೆಲ್ಲ ಬರೆದುಕೊಂಡಳು. ಒಂದಕ್ಕೂ ಅವಳು ಅರ್ಥ ಕೇಳಲಿಲ್ಲ, ಬೇಹು ಒಂದನ್ನು ಬಿಟ್ಟು. ಬೇಹು ಎಂದರೆ ಗೂಢಚಾರಿಕೆ. ಚಿಕ್ಕದೇವರಾಜರ ಕಾಲದಲ್ಲಿ ಅಂಚೆಯವರೇ ಊರೂರಿನ ಗುಟ್ಟನ್ನೂ ಅರಮನೆಗೆ ಮುಟ್ಟಿಸುತ್ತಿದ್ದರಂತೆ. ಹಾಗಾಗಿ ಅಂಚೆಯೂ ಬೇಹೂ ಒಂದೇ ಚಾವಡಿ. ಇದೇ ಬೀದಿಯ ಕೊನೆಗೆ ಜನರಲ್ ಪೋಸ್ಟ್ ಆಫೀಸಿನ ಕಲ್ಲಿನ ಕಟ್ಟಡ ಕಾಣುತ್ತದೆ. "ಈಗ ಹಾಗೆಲ್ಲ ಮಾಡಲ್ಲ ಅಲ್ವಾ ತಾತ?" ಎಂದು ಅವಳು ಅತ್ತ ನೋಡಿದಳು. ಈಗ ಆ ಕೆಲಸಕ್ಕೆ ನಿನ್ನ ಕೈಯಲ್ಲಿರುವ ಮೊಬೈಲೇ ಸಾಕು ಎಂದೆ.

ಬೆಣ್ಣೆ ಚಾವಡಿಯ ಕಥೆ ಇನ್ನೂ ಚೆನ್ನಾಗಿದೆ. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನಗಳ ಇಲಾಖೆ ಅದು. ಟಿಪ್ಪು ಸುಲ್ತಾನ್ ಅದರ ಹೆಸರನ್ನು ಅಮೃತಮಹಲ್ ಎಂದು ಬದಲಾಯಿಸಿದ. ಆ ದನಗಳ ಎತ್ತುಗಳು ಫಿರಂಗಿ ಎಳೆಯುವುದರಲ್ಲಿ ಹೆಸರುವಾಸಿಯಾದವು. ಇವತ್ತಿಗೂ ಆ ತಳಿಗೆ ಅಮೃತಮಹಲ್ ಎಂದೇ ಹೆಸರು, ಅಜ್ಜಂಪುರದಲ್ಲಿ ಅದರ ತಳಿ ಕೇಂದ್ರ ಇದೆ. ಒಂದು ಸರ್ಕಾರಿ ಇಲಾಖೆಯ ಹೆಸರು ದನದ ಹೆಸರಾಗಿ ಉಳಿದಿರುವುದು ಬೇರೆಲ್ಲಾದರೂ ಇದ್ದರೆ ನನಗೂ ತಿಳಿಸಿ.

ಚಾವಡಿ ಹೋಗಿ ಕಚೇರಿ ಬಂತು. ಅದರ ಜೊತೆಗೆ ಇಲಾಖೆ, ಖಜಾನೆ, ದಫ್ತರ, ಹುಜೂರು, ತಹಶೀಲ್ದಾರ, ಶಿರಸ್ತೇದಾರ ಎಲ್ಲ ಪಾರಸಿ, ಅರಬ್ಬಿ ಕಡೆಯಿಂದ ಬಂದವು. ಇಂದು ಇವು ಹೊರಗಿನವು ಎಂದು ಯಾರಿಗೂ ಅನ್ನಿಸುವುದಿಲ್ಲ. ಕಚೇರಿಯಂತೂ ಸಂಗೀತಕ್ಕೂ ಸೇರಿಕೊಂಡುಬಿಟ್ಟಿದೆ. ಹಳ್ಳಿಯ ಮಕ್ಕಳು ಜಾತಿ, ಆದಾಯದ ಸರ್ಟಿಫಿಕೇಟಿಗೆ ಹೋಬಳಿಯ ನಾಡಕಚೇರಿಗೇ ಹೋಗುತ್ತಾರೆ. ಚಾವಡಿಯೂ ಪೂರ್ತಿ ಸತ್ತಿಲ್ಲ. ಕರಾವಳಿಯ ಹಳೇ ಮನೆಗಳಲ್ಲಿ ಮುಂದಿನ ಹಜಾರಕ್ಕೆ ಚಾವಡಿ ಎನ್ನುತ್ತಾರೆ. ನಮ್ಮ ಕಡೆ ಶಾನುಭೋಗರು ಕೂರುತ್ತಿದ್ದ ಜಗಲಿಯೂ ಚಾವಡಿಯೇ ಆಗಿತ್ತು.

ಆಮೇಲೆ ಇಂಗ್ಲಿಷ್ ಬಂತು, ಈ ಕೆಂಪು ಕಟ್ಟಡದ ಜೊತೆಗೇ ಬಂತೆಂದರೂ ಸರಿ.

ಕೋರ್ಟಿನೊಳಗೆ ಸುಮ್ಮಸುಮ್ಮನೆ ಬಿಡುವುದಿಲ್ಲ, ಬಿಡಲೂಬಾರದು. ನಾವು ಬೇಲಿಯ ಈಚೆ ನಿಂತು ಆ ದೊಡ್ಡ ಕಂಬಗಳನ್ನು ನೋಡಿದೆವು. ಕಪ್ಪು ಕೋಟಿನವರು ಅವಸರದಲ್ಲಿ ಓಡಾಡುತ್ತಿದ್ದರು. ಒಂದು ಕಾಲಕ್ಕೆ ಈ ಕಟ್ಟಡವನ್ನೇ ಕೆಡವುವ ಯೋಚನೆ ಆಗಿತ್ತು. ಜನ ಎದ್ದು ನಿಂತು ಬೇಡವೆಂದರು, ಉಳಿಯಿತು. ಮೊಮ್ಮಗಳ ಪಟ್ಟಿಯಲ್ಲಿ ಬೆಂಚ್ ಎಂಬ ಪದ ಇರಲಿಲ್ಲ. ನಾನು ಸೇರಿಸಲು ಹೇಳಿದೆ. ನ್ಯಾಯಾಧೀಶರು ಕೂರುವ ಪೀಠಕ್ಕೂ ಬೆಂಚ್ ಎನ್ನುತ್ತಾರೆ, ಅವಳು ಶಾಲೆಯಲ್ಲಿ ಕೂರುವುದಕ್ಕೂ ಬೆಂಚ್ ಎನ್ನುತ್ತಾರೆ. ಕೋರ್ಟಿನಲ್ಲಿ ನ್ಯಾಯಾಧೀಶರ ಕಡೆಯನ್ನೂ ಮಿಕ್ಕವರ ಕಡೆಯನ್ನೂ ಬೇರೆ ಮಾಡುತ್ತಿದ್ದ ಅಡ್ಡಗಂಬಿಗೆ ಬಾರ್ ಎಂದು ಹೆಸರು. ಕೊನೆಗೆ ಕಂಬಿಯ ಹೆಸರೇ ವಕೀಲರ ಸಮೂಹದ ಹೆಸರಾಯಿತು.

ಚೇಂಬರ್ ಎಂದು ಅವಳು ಕೊಠಡಿ ಬರೆದಿದ್ದಳಲ್ಲ. ಅದಕ್ಕೆ ಮೂಲ ಕ್ಯಾಮೆರಾ ಎಂಬ ಲ್ಯಾಟಿನ್ ಮಾತು, ಅಂದರೆ ಕಮಾನಿನ ಕೋಣೆ. ಫೋಟೊ ತೆಗೆಯುವ ಕ್ಯಾಮೆರಾಗೂ ಅದೇ ಹೆಸರು ಬಂದದ್ದು ಒಳಗೊಂದು ಕತ್ತಲ ಕೋಣೆ ಇರುವುದರಿಂದ. ಪತ್ರಿಕೆಯಲ್ಲಿ ಕೆಲವೊಮ್ಮೆ 'ಇನ್ ಕ್ಯಾಮೆರಾ ವಿಚಾರಣೆ' ಎಂದು ಓದುತ್ತೀರಿ. ಕ್ಯಾಮೆರಾ ಇಟ್ಟು ಎಲ್ಲರಿಗೂ ತೋರಿಸುತ್ತಾರೆ ಎಂದುಕೊಳ್ಳಬೇಡಿ, ನೇರ ಉಲ್ಟಾ. ಬಾಗಿಲು ಹಾಕಿಕೊಂಡು ಕೋಣೆಯೊಳಗೆ ನಡೆಸುವ ವಿಚಾರಣೆ ಅದು. ಮೊಮ್ಮಗಳಿಗೆ ಇದು ತುಂಬ ಹಿಡಿಸಿತು. ಮೇಡಂಗೇ ಪ್ರಶ್ನೆ ಹಾಕುತ್ತೇನೆ ಎಂದಳು. ಬೇಡ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ.

ಬೆಂಚಿನ ಮಾತು ಬಂದಮೇಲೆ ನಮ್ಮ ಬ್ಯಾಂಕಿನ ಮಾತು ತಪ್ಪಿಸಲಾಗದು. ಬ್ಯಾಂಕ್ ಎಂಬ ಪದವೇ ಬೆಂಚು. ಇಟಲಿಯ ಊರುಗಳಲ್ಲಿ ಹಣ ಬದಲಾಯಿಸುವವರು ಬೆಂಚು ಹಾಕಿಕೊಂಡು ಕೂರುತ್ತಿದ್ದರು, ಅದಕ್ಕೆ ಬಾಂಕೊ ಎಂದು ಹೆಸರು. ದಿವಾಳಿಗೆ ಇಂಗ್ಲಿಷಿನವರು ಹೇಳುವ ಬ್ಯಾಂಕ್ರಪ್ಟ್ ಎಂಬುದರಲ್ಲಿ ಮುರಿದ ಬೆಂಚು ಅಡಗಿದೆ. ಕೌಂಟರ್ ಎಂದರೆ ಎಣಿಸುವ ಮೇಜು. ಟೆಲ್ಲರ್ ಎಂದರೆ ಎಣಿಸುವವನು, ಏಕೆಂದರೆ ಟೆಲ್ ಎಂಬ ಮಾತಿಗೆ ಹೇಳು ಎಂಬುದರ ಜೊತೆಗೆ ಎಣಿಸು ಎಂಬ ಅರ್ಥವೂ ಇತ್ತು. ನಮ್ಮಲ್ಲೂ ಎಣಿಸು ಎಂದರೆ ಲೆಕ್ಕ ಮಾಡು ಎಂದೂ ಹೌದು, ಅಂದುಕೋ ಎಂದೂ ಹೌದು. ಲೆಡ್ಜರ್ ಎಂದರೆ ಒಂದೇ ಜಾಗದಲ್ಲಿ ಬಿದ್ದಿರುವ ಪುಸ್ತಕ. ಇದಂತೂ ಅಪ್ಪಟ ನಿಜ. ನಾವು ಎತ್ತುತ್ತಿದ್ದ ಉಳಿತಾಯ ಖಾತೆಯ ಲೆಡ್ಜರುಗಳ ಭಾರಕ್ಕೆ ಅವು ಬಿದ್ದಲ್ಲಿಂದ ಏಳುತ್ತಲೇ ಇರಲಿಲ್ಲ.

ಕ್ಯಾಶ್ ಎಂದರೆ ಹಣ ಎಂದು ಅವಳ ಪಟ್ಟಿಯಲ್ಲಿತ್ತು. ಅದು ಮೊದಲು ಹಣವಲ್ಲ, ಹಣದ ಪೆಟ್ಟಿಗೆ. ಪೆಟ್ಟಿಗೆಯ ಹೆಸರು ಒಳಗಿದ್ದ ಹಣಕ್ಕೆ ಬಂತು. ಆದರೆ ಇಂಗ್ಲಿಷಿನಲ್ಲಿ ಕ್ಯಾಶ್ ಎಂಬ ಇನ್ನೊಂದು ಹಳೆಯ ಪದವೂ ಇದೆ, ಸಣ್ಣ ನಾಣ್ಯ ಎಂಬ ಅರ್ಥದಲ್ಲಿ. ಅದು ಪೋರ್ಚುಗೀಸರ ಬಾಯಿಂದ ಅವರಿಗೆ ದಾಟಿದ್ದು, ಮೂಲದಲ್ಲಿ ನಮ್ಮ ದಕ್ಷಿಣದ ಕಾಸು! ಹೀಗೆ ಬೀರು ಎಂಬುದನ್ನೂ ನೋಡಿ. ಅಜ್ಜಿಯರು ಸೀರೆ ಇಡುವ ಬೀರು ಫ್ರೆಂಚರ ಬ್ಯೂರೊ. ಅದು ಮೊದಲು ಮೇಜಿನ ಮೇಲೆ ಹಾಸುವ ಒರಟು ಉಣ್ಣೆಯ ಬಟ್ಟೆ. ಆಮೇಲೆ ಆ ಮೇಜು, ಆಮೇಲೆ ಮೇಜಿದ್ದ ಕೋಣೆ, ಕೊನೆಗೆ ಇಡೀ ಇಲಾಖೆಯೇ ಬ್ಯೂರೊ ಆಯಿತು. ನಮ್ಮಲ್ಲಿಗೆ ಬಂದು ಕಬ್ಬಿಣದ ಕಪಾಟಾಗಿ ಬೆಡ್‌ರೂಮು ಸೇರಿತು.

ಇವೆಲ್ಲ ಬೆಂಚು, ಪೆಟ್ಟಿಗೆ, ಬಟ್ಟೆ, ಕೋಣೆಗಳ ಮಾತುಗಳು. ಅವರ ಊರಿನ ರೈತನಿಗೂ ಒಂದು ಕಾಲಕ್ಕೆ ತಿಳಿಯುತ್ತಿದ್ದಂಥವು. ನಮಗೆ ಅವು ಬಾಗಿಲ ಮೇಲಿನ ಫಲಕಗಳಾಗಿ ಬಂದವು, ಓದಲು ಬರುವವರಿಗೆ ಮಾತ್ರ ತೆರೆಯುವ ಬಾಗಿಲುಗಳ ಮೇಲೆ. ಇದು ತಮಾಷೆಯ ಮಾತಲ್ಲ. ಅಲ್ಲೇ ಪಾರ್ಕಿನ ನೆರಳಿನಲ್ಲಿ ಮೊಮ್ಮಗಳಿಗೆ ಒಂದು ಸಂಗತಿ ಹೇಳಿದೆ. ನಿಮಗೂ ಹೇಳುತ್ತೇನೆ.

ನಾನು ತುಮಕೂರು ಜಿಲ್ಲೆಯ ಸಣ್ಣ ಊರೊಂದರ ಶಾಖೆಯಲ್ಲಿದ್ದ ಕಾಲ. ನನ್ನ ಬೆನ್ನಿಗಿದ್ದ ಮೇಜಿನ ಮೇಲೆ ಮೇಲಿನವರು ಕಳಿಸಿದ ಇಂಗ್ಲಿಷ್ ಫಲಕ ಒಂದಿತ್ತು: 'ಡಿಸೀಸ್ಡ್ ಕ್ಲೇಮ್ಸ್'. ತೀರಿಹೋದವರ ಖಾತೆಯ ಹಣವನ್ನು ಮನೆಯವರಿಗೆ ಕೊಡುವ ಮೇಜು ಅದು. ಹತ್ತು ಹದಿನೈದು ಕಿಲೋಮೀಟರ್ ದೂರದ ಹಳ್ಳಿಯಿಂದ ಒಬ್ಬ ಹೆಂಗಸು ಗಂಡನ ಪಾಸ್‌ಬುಕ್ ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಜೊತೆಗೆ ಒಂಬತ್ತನೇ ಕ್ಲಾಸಿನ ಮಗಳು. ಮನೆಯಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದದ್ದು ಆ ಹುಡುಗಿಗೊಬ್ಬಳಿಗೇ. ಅವಳು ಫಲಕವನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಡಿಸೀಸ್ ಎಂದರೆ ರೋಗ ಎಂದು ಅವಳ ಪಾಠದಲ್ಲಿತ್ತು. "ಅದು ಕಾಯಿಲೆಯೋರ್ದು ಕಣಮ್ಮ, ನಮ್ದಲ್ಲ" ಎಂದಳು. ಇಬ್ಬರೂ ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತು ಹೊರಟುಹೋದರು.

ಇನ್ನೊಂದು ಕಿಟಕಿಯಿತ್ತು. ಅದರ ಮೇಲೆ ಎನ್‌ಕ್ವೈರಿ ಎಂಬುದರ ಕನ್ನಡವಾಗಿ 'ವಿಚಾರಣೆ' ಎಂದು ಬರೆದಿತ್ತು. ಕನ್ನಡವೇನೋ ಹೌದು. ಆದರೆ ಹಳ್ಳಿಯವರಿಗೆ ವಿಚಾರಣೆ ಎಂದರೆ ಪೊಲೀಸರು ಮಾಡುವುದು. ತಪ್ಪು ಮಾಡದವರು ಅಲ್ಲಿಗೇಕೆ ಹೋಗುತ್ತಾರೆ? ಆ ತಾಯಿ ಮಗಳು ಎರಡನೇ ಸಲ ಬಂದಾಗಲೂ ಹಾಗೇ ವಾಪಸಾದರು. ಮೂರನೇ ಸಲ ನಮ್ಮ ಜವಾನ ಬಾಗಿಲಲ್ಲಿ "ಏನವ್ವಾ, ದಿನಾ ಬತ್ತೀಯ, ಏನು ಬೇಕಿತ್ತು?" ಎಂದು ಕೇಳಿದ. ಆಗ ವಿಷಯ ಹೊರಬಿತ್ತು. ಗಂಡನ ತಿಥಿಗೆ, ಮಗಳ ಸ್ಕೂಲಿನ ಖರ್ಚಿಗೆ ಆಕೆ ಅಷ್ಟರಲ್ಲಿ ನೂರಕ್ಕೆ ಐದರ ಬಡ್ಡಿಗೆ ಕೈಸಾಲ ಮಾಡಿಬಿಟ್ಟಿದ್ದಳು, ತಿಂಗಳ ಬಡ್ಡಿ. ಅವರ ಸ್ವಂತ ಹಣ ನನ್ನ ಲೆಡ್ಜರಿನಲ್ಲಿ ತೆಪ್ಪಗೆ ಮಲಗಿತ್ತು.

ಆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾನು ಚೆಕ್‌ಬುಕ್ ಬರುವ ರಟ್ಟಿನ ಡಬ್ಬ ಹರಿದು, ಅದರ ಮೇಲೆ ದಪ್ಪಗೆ 'ತೀರಿಕೊಂಡವರ ಖಾತೆಯ ಹಣ ಇಲ್ಲಿ ಕೇಳಿ' ಎಂದು ಬರೆದು ಇಂಗ್ಲಿಷ್ ಫಲಕದ ಕೆಳಗೆ ಅಂಟಿಸಿದೆ. ವಿಚಾರಣೆಯ ಕಿಟಕಿಗೆ 'ಏನು ಬೇಕು ಕೇಳಿ' ಎಂದು ಇನ್ನೊಂದು. ತಪಾಸಣೆಗೆ ಬಂದ ಸಾಹೇಬರು ಇವು ಬ್ಯಾಂಕಿನ ನಮೂನೆಯ ಬೋರ್ಡುಗಳಲ್ಲ ಎಂದು ತೆಗೆಸಿದರು. ಅವರ ಜೀಪು ಹೊರಟ ಮರುದಿನ ಬೆಳಗ್ಗೆ ನಾನು ಬರುವಷ್ಟರಲ್ಲಿ ರಟ್ಟುಗಳು ಮತ್ತೆ ಅಂಟಿಕೊಂಡಿದ್ದವು. ಅಂಟಿಸಿದವನು ಜವಾನ. ಅವನಿಗೆ ಓದಲು ಬರುತ್ತಿರಲಿಲ್ಲ, ಹಾಗಾಗಿ ಎರಡೂ ಅದಲುಬದಲಾಗಿದ್ದವು!

ಮೊಮ್ಮಗಳು ನಕ್ಕಳು. ಆಮೇಲೆ ಪಟ್ಟಿ ತೆಗೆದು ಡಿಸೀಸ್ಡ್ ಎಂಬ ಪದವನ್ನು ಎರಡು ಸಲ ಕಾಗುಣಿತ ಕೇಳಿ ಬರೆದುಕೊಂಡಳು.

ರಸ್ತೆ ದಾಟಿ ವಿಧಾನಸೌಧದ ಮುಂದೆ ಬಂದೆವು. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದ್ದು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಮುಂದೆ ನಿಂತು ಕಟ್ಟಿಸಿದರು, 1956ರಲ್ಲಿ ಮುಗಿಯಿತು. ಎದುರಿನ ಕೆಂಪು ಕಟ್ಟಡದ ಸಚಿವಾಲಯ ರಸ್ತೆ ದಾಟಿ ಇಲ್ಲಿಗೆ ಬಂತು. ಆ ಹೆಸರು ಜನಕ್ಕೆ ಎಷ್ಟು ಒಗ್ಗಿತೆಂದರೆ ತಾಲ್ಲೂಕು ಕಚೇರಿಗಳಿಗೂ ಮಿನಿ ವಿಧಾನಸೌಧ ಎಂದು ಕರೆದದ್ದಾಯಿತು. ಕಟ್ಟಡದ ಹಣೆಯ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಬರೆಸಿದವರೂ ಕೆಂಗಲ್ಲರೇ. ಮಿನಿಸ್ಟರ್ ಎಂಬ ಮಾತಿನ ಹಳೆಯ ಅರ್ಥ ಸೇವಕ ಎಂದು ಹೇಳಿದಾಗ ಮೊಮ್ಮಗಳು ನಂಬಲಿಲ್ಲ. ಆ ಹೊತ್ತಿಗೆ ಸರಿಯಾಗಿ ಸೈರನ್ ಹಾಕಿಕೊಂಡು ಆರು ಕಾರುಗಳು ಗೇಟಿನೊಳಗೆ ಹೋದವು. ನಾನೂ ಒತ್ತಾಯ ಮಾಡಲಿಲ್ಲ.

ಸೆಕ್ರೆಟರಿ ಎಂದರೆ ಸೀಕ್ರೆಟ್ ಕಾಯುವವನು. ಕ್ಯಾಬಿನೆಟ್ ಎಂದರೆ ಮೊದಲು ಚಿಕ್ಕ ಒಳಕೋಣೆ. ರಾಜ ಅಲ್ಲಿ ಕೆಲವರನ್ನೇ ಕರೆದು ಮಾತಾಡುತ್ತಿದ್ದ. ಬೀಗ ಹಾಕುವ ಕಪಾಟಿಗೂ ಅದೇ ಹೆಸರು. ನಮ್ಮವರು ಅದಕ್ಕೆ ಸಂಪುಟ ಎಂದರು. ಸಂಪುಟ ಎಂದರೂ ಭರಣಿ, ಕರಡಿಗೆ. ಇಷ್ಟು ಚೆನ್ನಾಗಿ ಹೊಂದುವ ಅನುವಾದ ನಾನು ಬೇರೆ ಕಂಡಿಲ್ಲ. ಕಾರಿಡಾರ್ ಎಂಬುದು ಇಟಲಿಯ ಕಡೆಯ ಮಾತು, ಓಡುವ ಜಾಗ ಎಂದು ಅರ್ಥ. "ನಮ್ ಸ್ಕೂಲಲ್ಲಿ ಕಾರಿಡಾರಲ್ಲಿ ಓಡಬೇಡಿ ಅಂತ ಬೋರ್ಡೇ ಹಾಕಿದ್ದಾರೆ!" ಎಂದಳು. ದೊಡ್ಡ ಅಧಿಕಾರಿಗಳ ಕೋಣೆಗೆ ಮುಂಚೆ ಕಾಯುವ ಕೋಣೆಯೊಂದು ಇರುತ್ತದೆ, ಆಂಟಿ ಚೇಂಬರ್. ಅದು ವಿರೋಧಿ ಕೋಣೆಯಲ್ಲ. ಇಲ್ಲಿ ಆಂಟಿ ಎಂದರೆ ಮುಂಚಿನದು.

ಎಲ್ಲ ಅನುವಾದವೂ ಸಂಪುಟದಷ್ಟು ಸರಿ ಹೋಗಿಲ್ಲ. ಗೃಹ ಇಲಾಖೆ ಎಂದರೆ ಮನೆ ಕಟ್ಟಿಕೊಡುವವರು ಎಂದು ಎಷ್ಟು ಮಕ್ಕಳು ತಿಳಿದಿದ್ದೀರಿ, ಕೈ ಎತ್ತಿ. ಮನೆ ಕೊಡುವುದು ವಸತಿ ಇಲಾಖೆ. ಗೃಹ ಇಲಾಖೆಯದು ಪೊಲೀಸು, ಜೈಲು. ಇಂಗ್ಲೆಂಡಿನಲ್ಲಿ 1782ರಲ್ಲಿ ಸರ್ಕಾರದ ಕೆಲಸವನ್ನು ಹಂಚಿ, ಹೊರದೇಶದ ವ್ಯವಹಾರಕ್ಕೆ ಒಂದು ಕಚೇರಿ, ದೇಶದ ಒಳಗಿನ ವ್ಯವಹಾರಕ್ಕೆ ಒಂದು ಕಚೇರಿ ಮಾಡಿದರು. ಒಳಗಿನದಕ್ಕೆ ಹೋಮ್ ಎಂದರು. ನಾವು ಹೋಮ್ ಎಂದರೆ ಮನೆ ಎಂದು ಗೃಹ ಪ್ರವೇಶ ಮಾಡಿಬಿಟ್ಟೆವು.

ಪಟ್ಟಿಯಲ್ಲಿ ಇನ್ನೂ ಕೆಲವು ಪದ ಉಳಿದಿದ್ದವು. ಅವು ಈ ಬೀದಿಯವಲ್ಲ, ಅವಳ ಅಪ್ಪ ಕೆಲಸ ಮಾಡುವ ಸಾಫ್ಟ್‌ವೇರ್ ಕಂಪನಿಯವು. ವಿಧಾನಸೌಧದ ಎದುರು ಕಡಲೆಕಾಯಿ ತಿನ್ನುತ್ತ ಅವನ್ನೂ ಮುಗಿಸಿದೆವು. ಕ್ಯೂಬಿಕಲ್ ಎಂಬುದರ ಮೂಲ ಲ್ಯಾಟಿನ್ನಿನಲ್ಲಿ ಮಲಗುವ ಕೋಣೆ. ಇದನ್ನು ಅಪ್ಪನಿಗೆ ಹೇಳಿಯೇ ಹೇಳುತ್ತೇನೆ ಎಂದು ಮೊಮ್ಮಗಳು ಅಡಿಗೆರೆ ಎಳೆದಳು. ಪ್ಯಾಂಟ್ರಿ ಎಂದರೆ ಬ್ರೆಡ್ಡಿನ ಕೋಣೆ. ನೀವು ಭಾಜಿ ಜೊತೆ ತಿನ್ನುವ ಪಾವ್ ಕೂಡ ಅದೇ ಬೇರಿನದು, ಪೋರ್ಚುಗೀಸರ ದಾರಿಯಲ್ಲಿ ಬಂದದ್ದು. ಎಚ್‌ಆರ್, ಅಂದರೆ ಮಾನವ ಸಂಪನ್ಮೂಲ, ನನಗೆ ರುಚಿಸದ ಹೆಸರು. ನಮ್ಮ ಕಾಲದಲ್ಲಿ ಅದು ಸ್ಟಾಫ್ ಸೆಕ್ಷನ್. ಸರ್ಕಾರದಲ್ಲಿ ಈಗಲೂ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ ಎನ್ನುತ್ತಾರೆ. ಕಬ್ಬಿಣದ ಅದಿರು, ಕಲ್ಲಿದ್ದಲು ಸಂಪನ್ಮೂಲ. ಮನುಷ್ಯರನ್ನು ಅದರ ಸಾಲಿಗೆ ಸೇರಿಸಿದರೆ ಏನೋ ಕಸಿವಿಸಿ. ನನ್ನ ಮಗ ಇದನ್ನು ಒಪ್ಪುವುದಿಲ್ಲ, ಇರಲಿ.

ಅಲ್ಲಿಂದ ಅದೇ ವೀಧಿಯಲ್ಲಿ ವಿಕಾಸಸೌಧ ದಾಟಿ ಮುಂದೆ ನಡೆದರೆ ಬಹುಮಹಡಿ ಕಟ್ಟಡ ಸಿಗುತ್ತದೆ. ಬಹುಮಹಡಿ ಎಂದರೆ ಆಟೋದವರಿಗೆ ತಿಳಿಯದು, ಎಂಎಸ್ ಬಿಲ್ಡಿಂಗ್ ಎನ್ನಬೇಕು. ಹೆಸರೇ 'ತುಂಬ ಮಹಡಿ ಇರುವ ಕಟ್ಟಡ'. ಬೆಣ್ಣೆ ಚಾವಡಿ ಎಂದು ಹೆಸರಿಟ್ಟವರ ಊರಿನಲ್ಲಿ ಇದು ತೀರಾ ಬೇಸರದ ಹೆಸರು. ಆದರೂ ಈ ಬೀದಿಯಲ್ಲಿ ಜನಸಾಮಾನ್ಯರು ಹೆಚ್ಚಾಗಿ ಕಾಣುವುದು ಇಲ್ಲೇ. ಗೇಟಿನ ಸುತ್ತ ಝೆರಾಕ್ಸ್ ಅಂಗಡಿಯ ಕಾಗದ ಹಿಡಿದವರು, ಪ್ಲಾಸ್ಟಿಕ್ ಕವರಿನಲ್ಲಿ ಅರ್ಜಿ ಸುತ್ತಿಕೊಂಡವರು, ರಾತ್ರಿ ಬಸ್ಸಿನಲ್ಲಿ ಬಂದು ಮುಖ ತೊಳೆದುಕೊಂಡವರು.

ಅಜ್ಜ ಅಜ್ಜಿಯರಿಗೆ ಇಲ್ಲಿ ಒಂದೆರಡು ಮಾತು ಹೇಳಬೇಕು, ಪಿಂಚಣಿ, ಖಾತೆ, ಪಹಣಿ ಎಂದು ಓಡಾಡುವವರು ನಾವೇ ತಾನೆ. ಯಾವ ಕಚೇರಿಗೆ ಹೋದರೂ ಮೊದಲು ಹುಡುಕಬೇಕಾದ್ದು ಸಾಹೇಬರ ಚ��ಂಬರ್ ಅಲ್ಲ, ಟಪಾಲು ಶಾಖೆ. ಅದನ್ನೇ ಇನ್‌ವರ್ಡ್ ಎನ್ನುತ್ತಾರೆ. ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು, ತಾರೀಖು, ನಂಬರು ಹಾಕಿಸಿಕೊಳ್ಳಿ. ಅದಕ್ಕೆ ಸ್ವೀಕೃತಿ ಎಂದು ಹೆಸರು. ಆ ನಂಬರಿಲ್ಲದೆ ನಿಮ್ಮ ಅರ್ಜಿ ಆ ಕಟ್ಟಡದಲ್ಲಿ ಹುಟ್ಟಿಯೇ ಇಲ್ಲ ಎಂದು ತಿಳಿಯಿರಿ. ಕೇಸ್ ವರ್ಕರ್ ಹತ್ತಿರ ಹೋಗಿ ಎಂದರೆ ಗಾಬರಿಯಾಗಬೇಡಿ, ನಿಮ್ಮ ಮೇಲೆ ಯಾವ ಕೇಸೂ ಇಲ್ಲ. ನಿಮ್ಮ ಕಡತ ನೋಡುವ ಗುಮಾಸ್ತರು ಅವರು, ಕನ್ನಡದಲ್ಲಿ ವಿಷಯ ನಿರ್ವಾಹಕರು. ಎಸ್ಟಾಬ್ಲಿಷ್‌ಮೆಂಟ್ ಎಂಬ ಫಲಕದ ಕೋಣೆಯಲ್ಲಿ ಕಾಯಬೇಡಿ, ಅದು ನೌಕರರ ಸಂಬಳ, ರಜೆ, ವರ್ಗಾವಣೆಯ ವಿಭಾಗ. ಹೊರಗಿನವರ ಕೆಲಸ ಅಲ್ಲಿ ಆಗುವುದಿಲ್ಲ. ಡೆಸ್ಪ್ಯಾಚ್ ಎಂದರೆ ಕಾಗದ ಹೊರಗೆ ಹೋಗುವ ಜಾಗ. ಉತ್ತರ ಕಳಿಸಿದ್ದೇವೆ ಎಂದರೆ ಅಲ್ಲಿ ತಾರೀಖು ಕೇಳಿ. 2011ರ ಸಕಾಲ ಕಾಯಿದೆಯ ಪಟ್ಟಿಯಲ್ಲಿರುವ ಸೇವೆಯಾದರೆ ಸಕಾಲದ ನಂಬರನ್ನೂ ಕೇಳಿ ಪಡೆಯಿರಿ. ಎಷ್ಟು ದಿನದೊಳಗೆ ಆಗಬೇಕೆಂಬ ಲೆಕ್ಕ ಅದರಿಂದ ಸಿಗುತ್ತದೆ.

ನಾನು ಇದನ್ನೆಲ್ಲ ಮೊಮ್ಮಗಳಿಗೆ ಹೇಳುತ್ತಿದ್ದಾಗ ಪಕ್ಕದಲ್ಲೇ ಮಧುಗಿರಿ ಕಡೆಯ ಹಿರಿಯರೊಬ್ಬರು ನಿಂತು ಕೇಳಿಸಿಕೊಳ್ಳುತ್ತಿದ್ದರು. ಕೈಯಲ್ಲಿ ಮಡಿಸಿ ಮಡಿಸಿ ಬಟ್ಟೆಯಂತಾದ ಒಂದು ಅರ್ಜಿ. "ಸ್ವಾಮಿ, ಇದು ಮೂರನೇ ಸಲ ಬಂದಿರೋದು. ಸಾಹೇಬ್ರು ಮೀಟಿಂಗಲ್ಲವ್ರೆ ಅಂತ್ಲೇ ಹೇಳ್ತಾರೆ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು, "ತಾತ, ನೀವು ಮೊದ್ಲು ಇನ್‌ವರ್ಡ್‌ಗೆ ಹೋಗಿದ್ರಾ? ಸೀಲ್ ಹಾಕ್ಸಿದ್ರಾ?" ಎಂದು ಕೇಳಿದಳು. ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಎದುರಿನ ಅಂಗಡಿಯಲ್ಲಿ ಅರ್ಜಿಯ ಝೆರಾಕ್ಸ್ ಮಾಡಿಸಿಕೊಂಡು ಇಬ್ಬರೂ ಗೇಟಿನ ಪೊಲೀಸರನ್ನು ಕೇಳಿ ಒಳಗೆ ಹೋದರು. ನಾನು ಹೊರಗೆ ಕಾಂಪೌಂಡಿನ ಮೇಲೆ ಕೂತೆ, ಮಂಡಿ ನೋಯುತ್ತಿತ್ತು. ಇಪ್ಪತ್ತು ನಿಮಿಷದ ಮೇಲೆ ಬಂದರು. ಹಿರಿಯರು ಮೊಹರು ಬಿದ್ದ ಪ್ರತಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನಂಬರು ಓದುತ್ತಿದ್ದರು. ಕೆಲಸ ಆಯಿತೋ ಇಲ್ಲವೋ, ಆಮೇಲೆ ನಮಗೆ ತಿಳಿಯಲಿಲ್ಲ.

ನೀವು ಹೋಗುವುದಾದರೆ: ಕಚೇರಿಗಳ ಗಡಿಬಿಡಿ ನೋಡಬೇಕೆಂದರೆ ವಾರದ ನಡುವೆ ಬೆಳಗ್ಗೆ ಹೋಗಿ. ಕಟ್ಟಡ ಮಾತ್ರ ನೋಡುವುದಾದರೆ ಭಾನುವಾರ ಸಂಜೆ ಒಳ್ಳೆಯದು. ಭಾನುವಾರ, ಸರ್ಕಾರಿ ರಜಾದಿನಗಳ ಸಂಜೆ ವಿಧಾನಸೌಧಕ್ಕೆ ದೀಪ ಹಾಕುತ್ತಾರೆ. ಕೆಂಪು ಕಟ್ಟಡ ಕಬ್ಬನ್ ಪಾರ್ಕಿನ ಕಡೆಯಿಂದ, ಮರಗಳ ನಡುವೆ, ಹೆಚ್ಚು ಚೆನ್ನಾಗಿ ಕಾಣುತ್ತದೆ. ನೀರಿನ ಬಾಟಲಿ, ಟೋಪಿ ಇಟ್ಟುಕೊಳ್ಳಿ. ವಯಸ್ಸಾದವರು ಮೆಟ್ರೊ ನಿಲ್ದಾಣದಲ್ಲಿ ಮೆಟ್ಟಿಲು ಬಿಟ್ಟು ಲಿಫ್ಟ್ ಹುಡುಕಿಕೊಳ್ಳಿ. ಮಕ್ಕಳು ಒಂದು ನೋಟ್‌ಬುಕ್ಕೂ ಪೆನ್ಸಿಲ್ಲೂ ಒಯ್ಯಿರಿ. ನಮ್ಮ ಪಟ್ಟಿ ಇಪ್ಪತ್ತೈದಕ್ಕೆ ನಿಲ್ಲಲಿಲ್ಲ, ಮೂವತ್ತೊಂದಾಯಿತು. ಕೊನೆಯ ಆರು ಪದಗಳು ಇಂಗ್ಲಿಷಿನವಲ್ಲ, ಚಿಕ್ಕದೇವರಾಜರ ಚಾವಡಿಗಳು. ಮೇಡಂ ಅವಕ್ಕೂ ರೈಟ್ ಹಾಕಿದ್ದಾರೆ, ಹೊಗೆಸೊಪ್ಪಿನ ಚಾವಡಿಯ ಮುಂದೆ ಮಾತ್ರ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ.